ಬೆಳ್ಳಿ ತೊಟ್ಟಿಲ ಹರಕೆ

ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರು ಮಾತು ನಿಲ್ಲಿಸಿದಾಗಲೇ ಏನೋ ಸರಿಯಿಲ್ಲವೆಂದು ನನಗೆ ಗೊತ್ತಾಗಿತ್ತು. ಮಗುವಿನ ಕತ್ತಿನ ಹಿಂದೆ ನೀರಿನಂಶ ಇರಬೇಕಾದ್ದಕ್ಕಿಂತ ಹೆಚ್ಚಿದೆ, ಬುದ್ಧಿಯ ಬೆಳವಣಿಗೆ ನಿಧಾನವಾಗುವ ಸಾಧ್ಯತೆ ಇದೆ, ರಕ್ತ ಕೊಟ್ಟು ಹೋಗಿ, ರಿಪೋರ್ಟ್ ಬಂದ ಮೇಲೆ ನೋಡೋಣ ಎಂದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕುತ್ತಾ, "ಇಟ್ಕೊಳ್ಳೋದಾ ಬೇಡ್ವಾ ಅಂತ ಮನೇಲಿ ಮಾತಾಡ್ಕೊಂಡಿರಿ" ಎಂದರು.

ಮಾತಾಡುವುದೇನಿತ್ತು? ನಮ್ಮದು ಕಥೋಲಿಕ ಮನೆ. ಹುಟ್ಟಲಿರುವ ಮಕ್ಕಳ ಜೀವ ಉಳಿಯಲೆಂದು ನಮ್ಮ ಚರ್ಚಿನ ಹೆಂಗಸರು ಹೇಳುವ ಜಪಮಾಲೆ ಪ್ರಾರ್ಥನೆಯಲ್ಲಿ ನಾನೂ ಮೊಣಕಾಲೂರಿದವಳು. ಹೊರಗೆ ಬಂದ ತಕ್ಷಣ ಗಂಡ, "ಇಟ್ಕೊಳ್ತೀವಿ ಕಣೇ, ಅದ್ರಲ್ಲಿ ಕೇಳೋದೇನಿದೆ" ಎಂದ. ನಾನೂ ಹೂಂ ಎಂದೆ. ಅತ್ತಿಗುಪ್ಪೆಯ ಆಸ್ಪತ್ರೆಯಿಂದ ಬಸವೇಶ್ವರನಗರದ ಮನೆಗೆ ಹೊರಟೆವು. ಇಟ್ಟುಕೊಳ್ಳುವುದೇನೋ ಸರಿ, ಮಗು ಹೇಗೆ ಬದುಕೀತು ಎಂಬ ಭಯ ನನ್ನನ್ನು ತಿನ್ನುತ್ತಿತ್ತು.

ಅತ್ತೆಗೆ ಒಂದೊಂದು ಕಷ್ಟಕ್ಕೂ ಒಬ್ಬೊಬ್ಬ ಸಂತರಿದ್ದಾರೆ. ಬೀಗದ ಕೈ ಕಳೆದರೆ ಸಂತ ಅಂತೋಣಿ, ಗಂಟಲು ನೋವಿಗೆ ಇನ್ನೊಬ್ಬರು. ನಮ್ಮ ಮನೆಯಲ್ಲಿ ಸಂತರಿಗೆ ಭಾನುವಾರವೂ ರಜೆಯಿಲ್ಲ ಎಂದು ನಾನು ರೇಗಿಸುವುದುಂಟು. ಅಂದು ರೇಗಿಸುವ ಮನಸ್ಸಾಗಲಿಲ್ಲ. ಗರ್ಭಿಣಿಯರನ್ನು ಕಾಯುವ ಸಂತರ ಚಿತ್ರವನ್ನು ಅತ್ತೆ ನನ್ನ ದಿಂಬಿನಡಿ ಇಟ್ಟರು. ಎದುರುಮನೆಯ ಆಂಟಿ ತಮ್ಮ ದೇವಸ್ಥಾನದ ಪ್ರಸಾದ ತಂದುಕೊಟ್ಟರೆ ಅದನ್ನೂ ಬೇಡವೆನ್ನಲಿಲ್ಲ.

ಮಾರನೆಯ ದಿನ ಹುರುಳಿಕಾಯಿ ಬಿಡಿಸುತ್ತಾ ಅತ್ತೆ ಹೇಳಿದರು: "ನಮ್ ಚರ್ಚಿನ ಆರೋಗ್ಯ ಮಾತೆಗೆ ಹರಕೆ ಹೊತ್ಕೊಂಡಿದೀನಿ. ಮಗು ಸರಿಯಾಗಿದ್ರೆ ಬೆಳ್ಳಿ ತೊಟ್ಟಿಲು ಒಪ್ಪಿಸ್ತೀನಿ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ಸರಿಯಾಗಿಲ್ಲ ಅಂದ್ರೆ ತೊಟ್ಟಿಲಿಲ್ವಾ ಅತ್ತೆ? ಸರಿಯಿಲ್ದಿದ್ರೆ ಬೇಡ್ವಾ ಅಂತ ತಾನೇ ಡಾಕ್ಟರೂ ಕೇಳಿದ್ದು?"

ಅತ್ತೆಯ ಕೈ ನಿಂತಿತು. ಹುರುಳಿಕಾಯಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅಂದು ಅವರು ಸರಿಯಾಗಿ ಊಟ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಶನಿವಾರವಾದರೂ ರಿಪೋರ್ಟ್ ಬಂದಿರಲಿಲ್ಲ. ಫೋನು ಸದ್ದು ಮಾಡಿದಾಗಲೆಲ್ಲ ಆಸ್ಪತ್ರೆಯದೇ ಇರಬೇಕೆಂದು ಓಡುತ್ತಿದ್ದೆ. ಸಂಜೆ ಅತ್ತೆ ಒಳ್ಳೆಯ ಸೀರೆ ಉಟ್ಟು ಬಂದು ನಿಂತರು. ಕೈಯಲ್ಲಿ ರಾಜಾಜಿನಗರದ ಬೆಳ್ಳಿ ಅಂಗಡಿಯ ಪುಟ್ಟ ಡಬ್ಬಿ.

"ಬಾ, ಈಗ್ಲೇ ಕೊಟ್ಬಿಡೋಣ. ಹೆಂಗಿದ್ರೂ ನಮ್ ಮಗೂನೇ" ಎಂದರು.

ಚರ್ಚಿನಲ್ಲಿ ಅತ್ತೆ ಹೆಬ್ಬೆರಳುದ್ದದ ತೊಟ್ಟಿಲನ್ನು ಮಾತೆಯ ಪ್ರತಿಮೆಯ ಪಾದದ ಬಳಿ ಇಟ್ಟು, ಶಿಲುಬೆಯ ಗುರುತು ಮಾಡಿ ಕಣ್ಣು ಮುಚ್ಚಿದರು. ಅವರಿಗೆ ಬುದ್ಧಿ ಹೇಳಿದವಳು ನಾನು. ಆದರೆ ನನ್ನ ಬಾಯಿಗೆ ಬಂದದ್ದು ಒಂದೇ ಮಾತು: ಮಗು ಸರಿಯಾಗಿರಲಿ. ನುಂಗಿಕೊಂಡೆ. ಮತ್ತೆ ಅದೇ ಬಂತು. ನಾಚಿಕೆಯಾಗಿ ಅಳು ಬಂತು.

"ಅತ್ತೆ, ಹೆಂಗಿದ್ರೂ ಸರಿ ಅನ್ನೋಕೆ ನನ್ ಕೈಲಿ ಆಗ್ತಿಲ್ಲ. ಭಯ ಆಗ್ತಿದೆ."

ಅವರು ನನ್ನ ಬೆನ್ನ ಮೇಲೆ ಕೈಯಿಟ್ಟರು. "ಕೇಳ್ಕೊಳಮ್ಮ. ಹೆರೋಳು ನೀನು. ನೀನು ಕೇಳ್ದೆ ಇನ್ಯಾರು ಕೇಳ್ತಾರೆ?"

ಕೇಳಿಕೊಂಡೆ. ಮೊದಲು, ನನ್ನ ಮಗು ಬರಲಿ ಎಂದೆ. ಆಮೇಲೆ, ತಡೆಯಲಾರದೆ, ಚೆನ್ನಾಗಿ ಬರಲಿ ಎಂದೆ.