ಬೆನ್ನಿಲ್ಲದ ಬೆಂಜೀನು

ಗಂಜಾಂನ ಅಕ್ಕಸಾಲಿ ಸುಬ್ರಹ್ಮಣ್ಯಾಚಾರ್ ಅವರ ಮಗಳು ವೀಣಳಂಥ ಮೊಂಡಿಯನ್ನು ನಾನು ಇನ್ನೊಬ್ಬಳನ್ನು ಕಂಡಿಲ್ಲ. ತೊಂಬತ್ನಾಲ್ಕರಲ್ಲಿ ನಾವಿಬ್ಬರೂ ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆವು. ನಾನು ಚಿನಕುರಳಿಯಿಂದ ಬರುವವಳು, ಅವಳು ಶ್ರೀರಂಗಪಟ್ಟಣದಲ್ಲಿ ಅದೇ ಬಸ್ಸು ಹತ್ತುತ್ತಿದ್ದಳು. ಸೀಟು ಹಿಡಿದಿಡುವುದು ನನ್ನ ಕೆಲಸ, ಮೈಸೂರಿನವರೆಗೂ ವಾದ ಮಾಡುವುದು ಅವಳ ಕೆಲಸ.

ಬೇರೆಲ್ಲದರಲ್ಲೂ ಜಾಣೆ. ಅಣುಗಳ ಸಮ್ಮಿತಿ ಮತ್ತು ರೋಹಿತದ ಪೇಪರು ಮಾತ್ರ ಅವಳ ಜೀವ ಹಿಂಡುತ್ತಿತ್ತು. ಒಂದು ಅಣುವನ್ನು ಯಾವ ಯಾವ ರೀತಿ ತಿರುಗಿಸಿದರೆ, ಎಲ್ಲೆಲ್ಲಿ ಕನ್ನಡಿ ಹಿಡಿದರೆ ಅದು ಮೊದಲಿನ ಹಾಗೇ ಕಾಣುತ್ತದೆ ಎಂದು ಎಣಿಸಬೇಕು. ಅದು ಸರಿಯಾದರೆ, ಅಣುವಿನ ಯಾವ ಕಂಪನ ಯಾವ ರೋಹಿತದಲ್ಲಿ, ಅಂದರೆ ಸ್ಪೆಕ್ಟ್ರಮ್ಮಿನಲ್ಲಿ, ಗೆರೆಯಾಗಿ ಬೀಳುತ್ತದೆ ಎಂದು ಮುಂಚೆಯೇ ಹೇಳಬಹುದು. ಬೆಂಜೀನು ಆರು ಮೂಲೆಯ ಚಪ್ಪಟೆ ಅಣು, ಅದರ ಸಮ್ಮಿತಿ ನಮಗೆಲ್ಲ ಬಾಯಿಪಾಠ. ಇವಳು ಪ್ರತಿ ಟೆಸ್ಟಿನಲ್ಲೂ ಆ ಎಣಿಕೆ ಅರ್ಧ ಬರೆದು ಅರ್ಧ ಬಿಟ್ಟು, ಮುಂದಿನದೆಲ್ಲ ತಪ್ಪಾಗಿ ಸೊನ್ನೆ ತರುತ್ತಿದ್ದಳು. ಸುಮ್ಮನೆ ಉರು ಹೊಡಿಯೇ ಎಂದರೆ, ಕಣ್ಣಿಗೆ ಕಾಣದ್ದನ್ನು ಬರೆಯುವುದಿಲ್ಲ ಎಂದು ಮುಖ ಊದಿಸುತ್ತಿದ್ದಳು. ಹಾಳಾಗಿ ಹೋಗು ಎಂದು ನಾನೂ ಕಿಟಕಿಯ ಕಡೆ ತಿರುಗುತ್ತಿದ್ದೆ.

ಪರೀಕ್ಷೆ ಹತ್ತಿರ ಬಂತು. ಈ ಪೇಪರು ಹೋದರೆ ಓದಿಗೇ ಶರಣು ಹೊಡೆದು ಮನೆಯಲ್ಲಿ ಕೂರುತ್ತೇನೆ ಎಂದುಬಿಟ್ಟಳು. ಹೇಳಿದರೆ ಮಾಡುವವಳೇ. ನನಗೆ ದಿಗಿಲಾಗಿ ಭಾನುವಾರ ಅವರ ಮನೆಗೇ ಹೋದೆ.

ಹಿತ್ತಾಳೆ ತಂತಿ ಬಗ್ಗಿಸಿ, ಮೂಲೆಗೊಂದು ಮಣಿ ಕೂರಿಸಿ ಬೆಂಜೀನು ಮಾಡಿಟ್ಟುಕೊಂಡಿದ್ದಳು. ಎಂಥ ಕೈಕೆಲಸ ಅಂತೀರಿ! ನಾನು ಅದನ್ನೆತ್ತಿ ನೋಡಿ ಮಣೆಯ ಮೇಲೆ ಮಗುಚಿ ಇಟ್ಟೆ. ಅವಳು ಮಾತಾಡುತ್ತಲೇ ತಿರುಗಿಸಿಟ್ಟಳು. ನಾನು ಮತ್ತೆ ಮಗುಚಿದೆ. ಮತ್ತೆ ತಿರುಗಿಸಿದಳು. ನನಗೆ ರೇಗಿತು.

"ಯಾಕೆ ಅಂಗೆ ತಿರುಗಿಸ್ತೀಯೆ?"

"ಬೋರಲು ಮಡಗಬಾರ್ದು ಕಣೆ, ಅವ್ವ ಬೈತದೆ."

ಅದು ಆ ಮನೆಯ ಪದ್ಧತಿ. ಓಲೆಯಾಗಲಿ ಪದಕವಾಗಲಿ ಮುಖ ಅಡಿಯಾಗಿ ಇಟ್ಟರೆ ಅವಳ ತಾಯಿ ನಿಂಗಮ್ಮ ಸಹಿಸುತ್ತಿರಲಿಲ್ಲ. ಒಡವೆಗೆ ಹೊಳೆಯುವ ಮುಖ ಒಂದು, ಮೈಗೆ ತಾಗುವ ಬೆನ್ನು ಒಂದು. ಹುಟ್ಟಿದಾಗಿನಿಂದ ಅವಳು ನೋಡಿದ್ದು ಅದನ್ನೇ.

"ಇದ್ರಲ್ಲಿ ಬೆನ್ನು ಯಾವುದೇ?" ಎಂದೆ.

ಅವಳು ತಂತಿಯನ್ನು ಎತ್ತಿಕೊಂಡು ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಅಯ್ಯೋ ಶಿವನೇ, ವರ್ಷವೆಲ್ಲ ಬೆಂಜೀನಿಗೂ ಒಂದು ಬೆನ್ನಿದೆ ಎಂದುಕೊಂಡು ಈ ಪುಣ್ಯಾತ್ಗಿತ್ತಿ ಅದನ್ನು ಒಂದು ಸಲವೂ ಮಗುಚಿ ನೋಡಿರಲಿಲ್ಲ! ಮಗುಚಿದರೂ ಅದು ಮೊದಲಿನ ಹಾಗೇ ಕಾಣುತ್ತದೆ; ಎಣಿಸದೆ ಬಿಟ್ಟುಹೋಗಿದ್ದ ಅರ್ಧವೆಲ್ಲ ಅಲ್ಲೇ ಇತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಿಂಗಮ್ಮ ಒಲೆಯ ಮುಂದಿನಿಂದ ಎದ್ದು ಬಂದು, ಓದಿ ಓದಿ ಇವಕ್ಕೆ ತಲೆ ಕೆಟ್ಟಿದೆ ಎಂದು ಒಳಗೆ ಹೋದರು.

ಮೌಖಿಕ ಪರೀಕ್ಷೆಯಲ್ಲಿ ಅವಳಿಗೆ ಬೆಂಜೀನೇ ಬಂತು. ಸಮ್ಮಿತಿ ಪೂರ್ತಿ ಎಣಿಸಿ, ಇದರ ಯಾವ ಕಂಪನವೂ ಇನ್‌ಫ್ರಾರೆಡ್ಡಿನಲ್ಲೂ ರಾಮನ್ ರೋಹಿತದಲ್ಲೂ ಎರಡರಲ್ಲೂ ಒಟ್ಟಿಗೆ ಕಾಣಿಸಲಾರದು, ಒಂದರಲ್ಲಿ ಕಂಡರೆ ಇನ್ನೊಂದರಲ್ಲಿ ಇರದು ಎಂದಳಂತೆ. ಪರೀಕ್ಷಕರು ಬೆಂಜೀನಿನ ಆ ಎರಡೂ ರೋಹಿತಗಳ ಚಾರ್ಟು ಮುಂದಿಟ್ಟು, ಹಾಗಾದರೆ ತೋರಿಸಮ್ಮ ಎಂದರಂತೆ.

ನಾನು ಹೊರಗೆ ಕಾಯುತ್ತಿದ್ದೆ. ಕಣ್ಣೊರೆಸಿಕೊಳ್ಳುತ್ತಾ ಬಂದಳು. ಹೋಯಿತೇನೇ ಎಂದು ಕೇಳಿದೆ. ಇಲ್ಲ, ಭೇಷ್ ಅಂದರು ಎಂದಳು. ಮತ್ತೆ ಈ ಅಳು ಯಾಕೆ ಎಂದು ಗದರಿದೆ.

"ರಾಮನ್‌ನಲ್ಲಿ ಅಷ್ಟುದ್ದ ಗೆರೆ ಐತೆ, ಇನ್‌ಫ್ರಾರೆಡ್ಡಲ್ಲಿ ಅದೇ ಜಾಗ ಖಾಲಿ ಕಣೆ ಪ್ರಮೀಳಾ. ಅದು ನಿಜವಾಗ್ಲೂ ಅಂಗೇ ಐತೆ."

ವೀಣ ಮುಂದೆ ಕೆ.ಆರ್. ಪೇಟೆಯಲ್ಲಿ ಲೆಕ್ಚರರ್ ಆದಳು. ಆ ಪೇಪರಿನಲ್ಲಿ ನಂಬರು ಅವಳಿಗಿಂತ ನನಗೇ ಜಾಸ್ತಿ ಬಂತು. ಆದರೆ ನಾನು ಉರು ಹೊಡೆದ ಬೆಂಜೀನು ನಿಜಕ್ಕೂ ಈ ಲೋಕದಲ್ಲಿದೆ ಎಂದು ನನಗೆ ಹೊಳೆದದ್ದು ಅವಳ ಒದ್ದೆ ಕಣ್ಣು ನೋಡಿದ ಮೇಲೆಯೇ.