ಹಲಗೆಯ ಕೆಳಗಿನ ಮೇಣ

ನನ್ನ ತಂಗಿಯನ್ನು ಊರಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವಳು ‘ಹಲಗೆ’. ಆ ಹೆಸರು ತಂದುಕೊಟ್ಟ ಹಲಗೆ ನಮ್ಮ ಅಂಗಡಿಯದೇ. ಬಂದರಿನ ಹಿಂದಿನ ಬೀದಿಯಲ್ಲಿ ಅಮ್ಮನ ಇಸ್ತ್ರಿ ಅಂಗಡಿ ಇದೆ. ಹಡಗಿನವರ ಅಂಗಿ, ಹೋಟೆಲಿನವರ ಹಾಸು, ಎಲ್ಲ ಅಲ್ಲಿಗೇ ಬರುತ್ತವೆ. ಇವಳಿಗೆ ಒಂಬತ್ತು ವರ್ಷವಿದ್ದಾಗ, ಅಮ್ಮ ಊಟಕ್ಕೆ ಕೂತ ಹೊತ್ತು ನೋಡಿ, ಇಸ್ತ್ರಿ ಮಾಡುವ ಹಲಗೆಯನ್ನು ಅದರ ಮೇಲಿನ ಕಂಬಳಿ ಸಮೇತ ಹೊತ್ತುಕೊಂಡು ಸಮುದ್ರಕ್ಕೆ ಹೋದಳು. ಹಲಗೆ ವಾಪಸು ಬಂತು, ಇವಳೂ ಬಂದಳು, ಮುಂದಿನ ಎರಡು ಹಲ್ಲು ಮತ್ತು ಕಂಬಳಿ ಬರಲಿಲ್ಲ. ಅಮ್ಮ ಅತ್ತದ್ದು ಕಂಬಳಿಗೆ. ಆ ಮಧ್ಯಾಹ್ನ ಊಟದ ಮೇಜಿನ ಮೇಲೆ ಹದಿನೇಳು ಅಂಗಿಗೆ ಇಸ್ತ್ರಿ ಹಾಕಿದವಳು ನಾನು. ಅದು ಮಾತ್ರ ಯಾರಿಗೂ ನೆನಪಿಲ್ಲ.

ಮುಂದೆ ಇವಳು ಹಲಗೆ ಮೇಲೆ ನಿಂತು ಅಲೆ ಸವಾರಿ ಮಾಡುವ ಸರ್ಫಿಂಗನ್ನೇ ಹೊಟ್ಟೆಪಾಡು ಮಾಡಿಕೊಂಡಳು. ಹದಿನೆಂಟಕ್ಕೆ ದೊಡ್ಡ ಲೀಗಿಗೆ ಸೇರಿದಳು. ಈಜುಡುಗೆ ಕಂಪನಿಯೊಂದು ಇವಳ ಬೆನ್ನ ಮೇಲೆ ತನ್ನ ಹೆಸರು ಬರೆಸಿತು. ವರ್ಷಕ್ಕೆ ಎಂಟು ತಿಂಗಳು ಇವಳು ಯಾವುದೋ ಕಡಲ ದಂಡೆಯಲ್ಲಿ, ನಾವು ಇಲ್ಲಿ ಆವಿಯಲ್ಲಿ. ಎರಡಾಳೆತ್ತರದ ಅಲೆಗೆ ಎದೆಯೊಡ್ಡುವ ಈ ಮಹಾತಾಯಿ ಮನೆಯಲ್ಲಿ ಹಲ್ಲಿ ಕಂಡರೆ ಕುರ್ಚಿ ಹತ್ತಿ ನನ್ನನ್ನು ಕೂಗುತ್ತಾಳೆ. ಹದಿನೈದು ವರ್ಷ ಅಲೆ ಮೇಲೆ ನಿಂತವಳಿಗೆ ಇವತ್ತಿಗೂ ಒಂದು ಕಾಲರ್ ನೆಟ್ಟಗೆ ಇಸ್ತ್ರಿ ಮಾಡಲು ಬರುವುದಿಲ್ಲ.

ಅಮ್ಮನ ದೃಷ್ಟಿಯಲ್ಲಿ ಅದು ಕೆಲಸವೇ ಅಲ್ಲ. “ಚಿಕ್ಕವಳು ಏನು ಮಾಡ್ಕೊಂಡಿದ್ದಾಳೆ?” ಎಂದು ಗಿರಾಕಿಗಳು ಕೇಳಿದರೆ ತಲೆ ಎತ್ತದೆ, “ಒದ್ದೆ ಆಗ್ತಾಳೆ” ಎನ್ನುತ್ತಿದ್ದಳು. ಒಂದು ಪಂದ್ಯವನ್ನೂ ನೋಡಿದವಳಲ್ಲ. ಇವಳ ಸರ್ಫಿಂಗ್ ಬೋರ್ಡನ್ನು ಕೈಯಿಂದ ಮುಟ್ಟಿದವಳೂ ಅಲ್ಲ. ಅದರ ಮೇಲ್ಭಾಗ ಮೇಣ, ಮರಳು ಸೇರಿ ಗಲೀಜಾಗಿರುತ್ತದೆ, ಬಟ್ಟೆಗೆ ತಗುಲಿದರೆ ಕಲೆ ಹೋಗುವುದಿಲ್ಲ ಎಂದು ಇವಳ ಕೈಯಲ್ಲೇ ಬಾಗಿಲ ಹೊರಗೆ ಇಡಿಸುತ್ತಿದ್ದಳು.

ಆ ಮೇಣದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಸುಬಿನಲ್ಲಿ ಇಸ್ತ್ರಿ ಪೆಟ್ಟಿಗೆಯ ತಳಕ್ಕೆ ಮೇಣದಬತ್ತಿ ಉಜ್ಜುತ್ತೇವೆ, ಬಟ್ಟೆಯ ಮೇಲೆ ಸರಾಗ ಜಾರಲಿ ಎಂದು. ಇವಳ ಕಸುಬಿನಲ್ಲಿ ಮೇಣವನ್ನು ಬೋರ್ಡಿನ ಮೇಲೆ ಹಚ್ಚುತ್ತಾರೆ, ಕಾಲು ಜಾರದಿರಲಿ ಎಂದು; ತಳಕ್ಕೆ ಹಚ್ಚಿದರೆ ನೀರು ಹಿಡಿದು ಬೋರ್ಡು ನಿಧಾನವಾಗುತ್ತದೆ. ಅಮ್ಮನಿಗೆ ಗೊತ್ತಿದ್ದದ್ದು ಮೊದಲನೆಯದು ಮಾತ್ರ.

ಇವಳಿಗೆ ಮೂವತ್ತಮೂರಾದ ವರ್ಷ, ಎರಡು ಸಲ ಮಂಡಿ ಆಪರೇಷನ್ ಆದ ಮೇಲೆ, ಲೀಗಿನಲ್ಲಿ ಹದಿನೇಳನೆಯ ಜಾಗಕ್ಕೆ ಇಳಿದಿದ್ದಳು. ಮುಂದಿನ ವರ್ಷಕ್ಕೆ ಉಳಿಯುವುದು ಹದಿನಾರು ಜನ. ಕೊನೆಯ ಪಂದ್ಯ ನಮ್ಮೂರಿನ ದಂಡೆಯಲ್ಲೇ ಇತ್ತು. ಮೊದಲ ಸುತ್ತು ಗೆದ್ದರೆ ಉಳಿಯುತ್ತಾಳೆ, ಸೋತರೆ ಅಲ್ಲಿಗೆ ಮುಗಿಯಿತು. ಇವಳ ಹತ್ತಿರ ಇದ್ದದ್ದು ಒಂದೇ ಬೋರ್ಡು, ಇನ್ನೊಂದು ವಿಮಾನದಲ್ಲಿ ಬರುವಾಗ ಮುರಿದಿತ್ತು. “ಇದೊಂದು ಸಲ ಬಾಮ್ಮ, ಇದೇ ಕೊನೇದಾಗಬಹುದು” ಎಂದು ನಾನು ಅಮ್ಮನ ಬೆನ್ನು ಹತ್ತಿದೆ. ಜ್ವರಕ್ಕೂ ಅಂಗಡಿ ಮುಚ್ಚದವಳು ಆ ದಿನ ಬಾಗಿಲೆಳೆದು ಬಂದಳು.

ದಂಡೆಯಲ್ಲಿ ತಂಗಿ ಚೀಲದಿಂದ ಬೋರ್ಡು ತೆಗೆದಳು. ಮೇಲ್ಭಾಗ ಗಾಜಿನ ಹಾಗೆ ಹೊಳೆಯುತ್ತಿತ್ತು. ತಿರುಗಿಸಿದಳು. ಕೆಳಗಡೆ ಈ ತುದಿಯಿಂದ ಆ ತುದಿಗೆ ಬಿಳಿ ಮೇಣ.

“ಬೆಳಗ್ಗೆ ನೀನು ಏಳೋಕೆ ಮುಂಚೆ ಬಿಸಿನೀರು ಹಾಕಿ ಕೊಳೆಯೆಲ್ಲ ತೆಗೆದೆ” ಎಂದಳು ಅಮ್ಮ. “ಕೆಳಗಡೆ ಎರಡು ಮೇಣದಬತ್ತಿ ಸವೆಸಿದ್ದೀನಿ. ಇನ್ನು ನೋಡು, ಹೇಗೆ ಜಾರುತ್ತೆ ಅಂತ.”

ನಾನು ಬಾಯಿ ತೆಗೆದೆ. ತಂಗಿ ನನ್ನ ಕಾಲು ತುಳಿದಳು.

“ಚೆನ್ನಾಗಿದೆಯಮ್ಮ” ಎಂದಳು. “ಬಟ್ಟೆ ಬದಲಾಯಿಸಿ ಬರ್ತೀನಿ.”

ಡೇರೆಯ ಹಿಂದೆ ಹೋಗಿ ನೋಡಿದರೆ, ನನ್ನ ಚೀಲದಿಂದ ಎಗರಿಸಿದ್ದ ಬಾಚಣಿಗೆಯಲ್ಲಿ ತಳ ಕೆರೆಯುತ್ತಾ ಕೂತಿದ್ದಾಳೆ. ಇನ್ನುಳಿದದ್ದು ಹತ್ತು ನಿಮಿಷ.

“ಅಮ್ಮನಿಗೆ ಹೇಳಿದರೆ ಮೂರು ಜನ ಕೆರೀಬಹುದಲ್ಲೇ, ಮಂಕು.”

“ಹೇಳಿದರೆ ನಿನ್ನ ನಾಲಿಗೆ ಕೆರೀತೀನಿ ಅಕ್ಕ. ಹದಿನೈದು ವರ್ಷದಲ್ಲಿ ಮೊದಲನೇ ಸಲ ಬೋರ್ಡು ಮುಟ್ಟಿದ್ದಾಳೆ.”

ಇನ್ನೂ ನೀರಿಗೆ ಇಳಿದಿರಲಿಲ್ಲ, ಆಗಲೇ ಮುಖ ಒದ್ದೆಯಾಗಿತ್ತು. ಅದನ್ನು ನೋಡಲಾಗದೆ ನಾನು ಅವಳನ್ನು ಇನ್ನಷ್ಟು ಬೈದೆ. ಅರ್ಧ ಕೆರೆಯುವಷ್ಟರಲ್ಲಿ ನೀರಿಗಿಳಿಯಲು ಕರೆಯುವ ಹಾರನ್ ಆಯಿತು. ಮೇಲ್ಭಾಗಕ್ಕೆ ಅವಸರದಲ್ಲಿ ಹೊಸ ಮೇಣ ತಿಕ್ಕಿಕೊಂಡು ಓಡಿದಳು.

ಸೋತಳು, ಅರ್ಧ ಅಂಕದಲ್ಲಿ. ಕೊನೆಯ ಅಲೆಯಲ್ಲಿ ಬೋರ್ಡು ಒಂದು ಕ್ಷಣ ಹಿಂದೆ ಉಳಿದದ್ದನ್ನು ನಾನು ಕಣ್ಣಾರೆ ಕಂಡೆ. ಮಂಡಿ ಕೈಕೊಟ್ಟಿತು ಎನ್ನುತ್ತಾಳೆ ಇವಳು. ಅಮ್ಮ ಟವೆಲ್ ಹೊದಿಸಿ, ತಲೆ ಒರೆಸಿ ಸಮಾಧಾನ ಹೇಳಿದಳು: “ಅರ್ಧ ಅಂಕ ತಾನೆ. ನಾನು ಮೇಣ ಹಚ್ಚದೇ ಇದ್ದಿದ್ರೆ ಇನ್ನೂ ಹಿಂದೆ ಬೀಳ್ತಿದ್ದೆ.”

“ಹೌದಮ್ಮ” ಎಂದಳು ಈ ಪುಣ್ಯಾತ್ಗಿತ್ತಿ.

ಈಗ ನಾಲ್ಕು ವರ್ಷದಿಂದ ಅಂಗಡಿಯ ಪಕ್ಕದ ಶೆಡ್ಡಿನಲ್ಲಿ ಇವಳ ಸರ್ಫಿಂಗ್ ತರಗತಿ. ಎಂಟು ಬೋರ್ಡುಗಳಿವೆ. ಅಮ್ಮ ದಿನಾ ಬೆಳಗ್ಗೆ ಒಲೆ ಹಚ್ಚುವ ಮೊದಲೇ ಹೋಗಿ ಎಂಟರ ತಳಕ್ಕೂ ಮೇಣ ಉಜ್ಜುತ್ತಾಳೆ. ಅವಳು ಅಂಗಡಿಗೆ ಬಂದ ಮೇಲೆ ಇವಳು ಎಂಟನ್ನೂ ಕೆರೆಯುತ್ತಾಳೆ. “ಹೇಳಿಬಿಡೋಕೆ ಏನು ಧಾಡಿ ನಿನಗೆ? ನೀನು ಹೇಳ್ತೀಯೋ, ನಾನು ಹೇಳಲೋ?” ಎಂದು ನಾನು ವಾರಕ್ಕೊಮ್ಮೆ ಹಾರಾಡುತ್ತೇನೆ. “ನಾಳೆ ಹೇಳ್ತೀನಿ ಅಕ್ಕ” ಎನ್ನುತ್ತಾಳೆ.

ಹೋದ ವಾರ, ತರಗತಿಗೆ ಹೊಸದಾಗಿ ಸೇರಿದ ಹಲ್ಲಿನ ಡಾಕ್ಟರು ಬೇಗ ಬಂದುಬಿಟ್ಟರು. ಪುಸ್ತಕ ಓದಿಕೊಂಡು ಬಂದಿದ್ದರು. ತಂಗಿ ನೀರಿನಲ್ಲಿದ್ದಳು, ಅಮ್ಮ ಇನ್ನೂ ಬೋರ್ಡುಗಳ ತಳ ಉಜ್ಜುತ್ತಿದ್ದಳು, ನಾನು ಅಂಗಿಗಳ ಗಂಟು ತೆಗೆದುಕೊಳ್ಳಲು ಶೆಡ್ಡಿಗೆ ಹೋಗಿದ್ದೆ.

“ಅಮ್ಮಾ, ಮೇಣ ಮೇಲ್ಗಡೆ ತಾನೆ ಹಚ್ಚೋದು?” ಎಂದು ಕೇಳಿದರು.

ಅಮ್ಮನ ಕೈ ನಿಂತಿತು. ಡಾಕ್ಟರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನಾಲ್ಕು ವರ್ಷದಿಂದ ನಾನು ಕಾಯುತ್ತಿದ್ದದ್ದು ಇದಕ್ಕೇ.

“ಅದು ಕಲಿಯೋರಿಗೆ ಡಾಕ್ಟ್ರೇ” ಎಂದೆ. “ನನ್ನ ತಂಗಿ ಲೀಗಿನಲ್ಲಿದ್ದಾಗ ಕೆಳಗಡೆಯೂ ಹಚ್ಚಿಸಿಕೊಂಡೇ ಇಳಿದಿದ್ದಾಳೆ.”

“ಕೇಳಿಸ್ತಾ?” ಎಂದಳು ಅಮ್ಮ, ಮತ್ತೆ ಉಜ್ಜತೊಡಗಿದಳು. “ನಿಮ್ಮದಕ್ಕೆ ಇನ್ನೊಂದು ಬತ್ತಿ ಜಾಸ್ತಿ ಹಚ್ತೀನಿ. ನೀವು ಸ್ವಲ್ಪ ಭಾರ ಇದ್ದೀರ.”

ಆ ದಿನ ಡಾಕ್ಟರ ಬೋರ್ಡು ಕೆರೆದದ್ದು ನಾನು.