ಒಳಗಿನಿಂದ ಹೊಡೆದ ತೇಪೆ

ಮಾರಿಕಣಿವೆ ರಸ್ತೆಯಲ್ಲಿ ಮೀನು ಹುರಿದು ಮಾರುವ ಉಚ್ಚಂಗೆಮ್ಮನ ಬಾಯಿ ಅವಳ ಮಸಾಲೆಗಿಂತ ಖಾರ. ಎಂಥ ದೊಡ್ಡ ಮನುಷ್ಯ ಬಂದು ತಲೆಬುಡವಿಲ್ಲದ ಮಾತಾಡಿದರೂ ಬಾಣಲೆ ಪಕ್ಕದಲ್ಲೇ ನಿಲ್ಲಿಸಿ ನೀರಿಳಿಸುತ್ತಾಳೆ. ಆದರೆ ಅಪ್ಪನ ಸುದ್ದಿ ಬಂದರೆ ಮಾತ್ರ ಆ ಬಾಯಿಗೆ ನಲವತ್ತು ವರ್ಷ ಬೀಗ ಬಿದ್ದಿತ್ತು.

ಅಪ್ಪ ತಿಪ್ಪಯ್ಯ ಮಾರಿಕಣಿವೆ ಕೆರೆಯ ಹಿನ್ನೀರಿನಲ್ಲಿ ಗುತ್ತಿಗೆದಾರನೊಬ್ಬನ ಕೈಕೆಳಗೆ ಜನ ದಾಟಿಸುವ ದೋಣಿ ನಡೆಸುತ್ತಿದ್ದ. ಎಪ್ಪತ್ತೆಂಟನೇ ಇಸವಿಯ ಒಂದು ಬೆಳಿಗ್ಗೆ ಆಚೆ ದಡದ ಗುಡಿಗೆ ಹೊರಟ, ಮದುಮಕ್ಕಳಿಬ್ಬರೂ ಇದ್ದ ಮದುವೆ ದಿಬ್ಬಣ ಹೊತ್ತ ದೋಣಿ ನಡುನೀರಿನಲ್ಲಿ ಮುಳುಗಿತು. ದಿಬ್ಬಣದವರು ಒಂಬತ್ತು ಜನ ಸತ್ತರು, ಹತ್ತನೆಯವನು ತಿಪ್ಪಯ್ಯ. ವಿಚಾರಣೆಯ ವರದಿ ಒಂದೂವರೆ ಪುಟ: ಅಂಬಿಗ ಕುಡಿದಿದ್ದ, ನೀರೊಳಗಿನ ಕಲ್ಲುಕಂಬಕ್ಕೆ ದೋಣಿ ಗುದ್ದಿಸಿದ. ಸತ್ತವನೇನು ಎದ್ದು ಬಂದು ಇಲ್ಲ ಅನ್ನುತ್ತಾನೆಯೇ? ಅಪ್ಪ ಆಗೀಗ ಕುಡಿಯುತ್ತಿದ್ದದ್ದು ಸುಳ್ಳಲ್ಲವಾದ್ದರಿಂದ, ಆಗ ಹದಿಮೂರು ವರ್ಷದ ಉಚ್ಚಂಗೆಮ್ಮನೂ ಅದನ್ನು ಅರ್ಧ ನಂಬಿದಳು. ಒಂಬತ್ತು ಜನರನ್ನು ನುಂಗಿದವನ ಮಗಳು ಅನ್ನುವ ಮಾತು ಅವಳ ಮದುವೆಗೂ ಅಡ್ಡ ಬಂತು.

ಕೆಲವು ವರ್ಷಗಳ ಹಿಂದೆ ಕೆರೆ ತಳ ಕಂಡ ಬೇಸಿಗೆಯಲ್ಲಿ, ಕೆಸರಿನಲ್ಲಿ ಮಗುಚಿಬಿದ್ದ ಆ ದೋಣಿ ಕಾಣಿಸಿತು. ಜನ ಸೆಲ್ಫಿ ತೆಗೆಯಲು ಹೋದರು. ಉಚ್ಚಂಗೆಮ್ಮ ಸೀರೆ ಎತ್ತಿಕಟ್ಟಿ ಕೆಸರಿಗಿಳಿದು ದೋಣಿಯ ತಳವನ್ನೆಲ್ಲ ಅಂಗೈಯಲ್ಲಿ ಸವರಿದಳು. ಗುದ್ದಿದ ಗುರುತಿಲ್ಲ, ಮುರಿದ ಹಲಗೆಯಿಲ್ಲ. ಇದ್ದದ್ದು ಒಂದು ತೂತು, ಒಳಬದಿಯಲ್ಲಿ ಎರಡು ಮೊಳೆಗೆ ಜೋತುಬಿದ್ದ ತೇಪೆ ಹಲಗೆ.

ಅಪ್ಪ ತೇಪೆ ಹಾಕುವಾಗ ಡಾಂಬರು ಕಾಸಿ ಕೊಡುತ್ತಿದ್ದವಳು ಅವಳೇ. ತೇಪೆಯನ್ನು ಹೊರಗಿನಿಂದಲೇ ಹೊಡೆಯಬೇಕು, ಆಗ ನೀರೇ ಅದನ್ನು ಒತ್ತಿ ಹಿಡಿಯುತ್ತದೆ. ಒಳಗಿನಿಂದ ಹೊಡೆದರೆ ಅದೇ ನೀರು ಅದನ್ನು ನೂಕಿ ಕೀಳುತ್ತದೆ. ಅಪ್ಪನ ಕೈ ಆ ತಪ್ಪು ಮಾಡುವ ಕೈಯಲ್ಲ. ದಡಕ್ಕೆಳೆದು ಮಗುಚಿದರೆ ಒಂದು ದಿನದ ಓಡಾಟ ನಿಲ್ಲುತ್ತದೆಂದು ದೋಣಿಯ ಗುತ್ತಿಗೆದಾರ ಬೇರೆ ಯಾರಿಂದಲೋ ಒಳಗಿನಿಂದಲೇ ಹೊಡೆಸಿರಬೇಕು. ಅವಳು ಅಲ್ಲೇ ಕೆಸರಿನಲ್ಲಿ ಕೂತು ಅತ್ತಳು. ಅಪ್ಪನನ್ನು ಅನುಮಾನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು.

ಆ ವರದಿ ತಿದ್ದಿಸಲು ಅಲ್ಲಿಂದ ಶುರುವಾಯಿತು ಕಚೇರಿ ಅಲೆದಾಟ. "ಹಳೇ ಕಡತ ಗೆದ್ದಲು ತಿಂದೈತೆ ಅಜ್ಜಿ" ಅಂದ ಒಬ್ಬ ಗುಮಾಸ್ತ.

"ಆ ಒಂದೂವರೆ ಪುಟ ಬಿಟ್ಟು ಮಿಕ್ಕಿದ್ದಷ್ಟೇ ತಿಂದೈತೇನ್ರಿ? ಓದು ಬರಹ ಬಲ್ಲ ಗೆದ್ದಲು ಬಿಡ್ರಿ!" ಅಂದು ಹೊರಬಂದಳು.

ಉಳಿದದ್ದು ಒಂದೇ ಬಾಗಿಲು. ಆ ದಿನದ ಮದುಮಗಳು ಬರಗೇರಮ್ಮ ಬದುಕಿದ್ದಳು, ಹೊಸದುರ್ಗದ ಕಡೆಯ ಹಳ್ಳಿಯಲ್ಲಿ. ಗಂಡನಾಗಬೇಕಿದ್ದವನನ್ನು ಆ ನೀರಿಗೇ ಕೊಟ್ಟವಳು. ಅವಳ ಮನೆ ಹೊಸಿಲು ತುಳಿಯಲು ಉಚ್ಚಂಗೆಮ್ಮನಿಗೆ ಇನ್ನೂ ಮೂರು ವರ್ಷ ಧೈರ್ಯ ಬರಲಿಲ್ಲ. ಕೊನೆಗೂ ಹೋಗಿ, ತಿಪ್ಪಯ್ಯನ ಮಗಳೆಂದು ಹೇಳಿ, ಅಂದು ಕೆಸರಿನಲ್ಲಿ ತೆಗೆದು ಫೋನಿನಲ್ಲಿಟ್ಟುಕೊಂಡಿದ್ದ ತೇಪೆಯ ಚಿತ್ರ ತೋರಿಸಿದಳು.

ಬರಗೇರಮ್ಮ ಚಾಪೆ ಹಾಸಿದಳು. "ಕುಂತ್ಕಳ್ರಿ. ನಿಮ್ಮಪ್ಪ ದೋಣಿ ತೆಗೆಯಲ್ಲ ಅಂದಿದ್ದ, ತೇಪೆ ನಿಲ್ಲಲ್ಲ ಅಂದಿದ್ದ. ಮುಹೂರ್ತ ಮೀರ್ತೈತೆ ಅಂತ ನಮ್ಮೋರೇ ಗಲಾಟೆ ಮಾಡಿದ್ರು. ಕುಡಿದು ಕಾಲು ನಡುಗ್ತಾವೇನಲೇ ಅಂತ ನಮ್ಮಪ್ಪ ಎಲ್ಲರ ಮುಂದೆ ಹಂಗಿಸಿದ. ಆ ಮಾತನ್ನೇ ಗುತ್ತಿಗೆದಾರ ವರದಿಗೆ ಬರೆಸಿದ."

"ನೀವ್ಯಾಕೆ ಸುಮ್ನಿದ್ರಿ?" ಉಚ್ಚಂಗೆಮ್ಮ ಕೇಳಿದಳು.

"ಅವನದು ತಪ್ಪಿಲ್ಲ ಅಂದ್ರೆ ನಮ್ಮೋರನ್ನ ನಾವೇ ಕೊಂದಂಗಾಗ್ತಿತ್ತಲ್ಲವ್ವ."

ಉಚ್ಚಂಗೆಮ್ಮ ಎದ್ದೇಬಿಟ್ಟಳು. ಬೈಯಬೇಕೆನಿಸಿತು, ಬಯ್ಗುಳ ನಾಲಿಗೆ ತುದಿಗೂ ಬಂದಿತ್ತು. ಬರಗೇರಮ್ಮ ಅವಳ ಕೈ ಹಿಡಿದುಕೊಂಡಳು.

"ಇನ್ನೊಂದೈತೆ, ಕೇಳಿ ಹೋಗ್ರಿ. ಮುಳುಗುವಾಗ ತನ್ನ ಹುಟ್ಟು ನನ್ನ ಕೈಗೆ ಕೊಟ್ಟು, ಬಿಡಬ್ಯಾಡ ಮಗಳೇ ಅಂದ. ಅವನ ಕೈ ಬರಿದಾಯ್ತು, ನಾನು ತೇಲಿದೆ. ಮಗಳೇ ಅನ್ನೋ ಆ ಮಾತು ನಿಮಗೆ ಸೇರಬೇಕಾದ್ದು. ನಲವತ್ತೇಳು ವರ್ಷ ನಾನಿಟ್ಕೊಂಡು ಕುಂತಿದ್ದೆ."

ಮರುದಿನ ಬೆಳಿಗ್ಗೆ ಆ ಇಬ್ಬರು ಹೆಂಗಸರು ಚಿತ್ರದುರ್ಗದ ಕಚೇರಿಗೆಂದು ಹೊರಟ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತರು. ಬರಗೇರಮ್ಮನ ಮಡಿಲಲ್ಲಿ ಹೇಳಿಕೆಯ ಕಾಗದವಿತ್ತು. ಅದರ ಕೆಳಗೆ ತಿಪ್ಪಯ್ಯನ ಪರವಾಗಿ ಮೊದಲ ಹೆಬ್ಬೆಟ್ಟು ಬಿದ್ದಿತ್ತು, ಅವಳದೇ.